ಪ್ಯಾಕಿಂಗ್ ಸೆಕ್ಷನ್ನಿನ ಗಾಳಿ

ನನಗೆ ಬಂದದ್ದು ಆಸ್ತಮಾ. ಪ್ರತಿ ಬೀದಿಯಲ್ಲೂ ಒಬ್ಬರಿಗಾದರೂ ಇರುವ ಕಾಯಿಲೆ, ಅದರ ಬಗ್ಗೆ ಬರೆಯುವುದಕ್ಕೇನಿದೆ ಎಂದು ನನ್ನ ಗಂಡನೇ ಕೇಳಿದರು. ಕಾಯಿಲೆ ಎಲ್ಲರದ್ದೇ. ಅದು ನನ್ನೊಳಗೆ ಬಂದ ದಾರಿ ಮತ್ತು ಈಗ ಅದನ್ನು ಹಿಡಿತದಲ್ಲಿಟ್ಟಿರುವ ಔಷಧಿ ಮಾತ್ರ ಸ್ವಲ್ಪ ಬೇರೆ. ನನ್ನ ಹಾಗೆ ಇನ್ನೂ ಯಾರಾದರೂ ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಕೂತು, ಎದೆ ಬಿಗಿಯುವುದಕ್ಕೆ ಹೊಸೂರು ರಸ್ತೆಯ ಹೊಗೆಯೇ ಕಾರಣ ಎಂದುಕೊಳ್ಳುತ್ತಿರಬಹುದು. ಅಂಥವರ ಕೈಗೆ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ.

ಬೊಮ್ಮಸಂದ್ರ ದಾಟಿ ಒಳಗೆ ಹೋದರೆ ಸಿಗುವ ಒಂದು ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಸೆಕ್ಷನ್ನಿನ ಸೂಪರ್‌ವೈಸರ್ ಆಗಿದ್ದೆ. ನಾವು ತಯಾರಿಸುತ್ತಿದ್ದುದು ಎನ್‌ಜೈಮ್. ಶಾಲೆಯ ಪುಸ್ತಕದಲ್ಲಿ ಕಿಣ್ವ ಎಂದು ಓದಿರುತ್ತೇವಲ್ಲ, ಅದೇ. ಬಟ್ಟೆಗೆ ಬಿದ್ದ ಸಾರಿನ ಕಲೆ ತೆಗೆಯುವುದಕ್ಕೆ ಸೋಪಿನ ಪುಡಿಯಲ್ಲಿ ಅದು ಇರುತ್ತದೆ. ಬೇಕರಿಯವರ ಬ್ರೆಡ್ಡು ಮೆತ್ತಗಿರುವುದಕ್ಕೂ, ಹೊಸ ಜೀನ್ಸ್ ಹಳೆಯದರಂತೆ ಕಾಣುವುದಕ್ಕೂ ಅದು ಬೇಕು. ಯಾವುದೋ ಬ್ಯಾಕ್ಟೀರಿಯಾದೊಳಗೆ ಇನ್ಯಾವುದೋ ಜೀವಿಯ ಜೀನ್ ಸೇರಿಸಿ, ನಮಗೆ ಬೇಕಾದ ಕಿಣ್ವವನ್ನು ಅದು ರಾಶಿರಾಶಿಯಾಗಿ ಹೊರಹಾಕುವಂತೆ ಮಾಡಿರುತ್ತಾರೆ. ಆ ಬ್ಯಾಕ್ಟೀರಿಯಾವನ್ನು ಮಹಡಿ ಮನೆಯಷ್ಟು ಎತ್ತರದ ಸ್ಟೀಲ್ ಟ್ಯಾಂಕುಗಳಲ್ಲಿ ಬೆಳೆಸಿ, ಸೋಸಿ, ಒಣಗಿಸಿ, ಬಂದ ಪುಡಿಯನ್ನು ಜರಡಿ ಹಿಡಿದು ಚೀಲಕ್ಕೆ ತುಂಬುವುದು. ಜರಡಿ ಮತ್ತು ಚೀಲ ನನ್ನ ಪಾಲಿನ ಕೆಲಸ.

ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು. ಆನೇಕಲ್ ಕಡೆಯ ನಮ್ಮ ಹಳ್ಳಿಯ ಹೆಂಗಸರು ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ಇಲ್ಲವೇ ಜಿಗಣಿಯ ಕಲ್ಲಿನ ಫ್ಯಾಕ್ಟರಿಗೆ. ಬಿ.ಎಸ್ಸಿ. ಓದಿ ಬಿಳಿ ಕೋಟು ಹಾಕಿಕೊಂಡು ಹೋಗುತ್ತಿದ್ದವಳು ನಾನೊಬ್ಬಳೇ. ಕಾಲೇಜು ಮಕ್ಕಳು ಕಾರ್ಖಾನೆ ನೋಡಲು ಬಂದಾಗ ಪ್ರತಿ ಸಲವೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಬ್ಯಾಕ್ಟೀರಿಯಾ ತಪ್ಪಿಸಿಕೊಂಡು ಹೊರಗೆ ಹೋದರೆ ಏನು ಗತಿ? ಟ್ಯಾಂಕಿನ ಕೋಣೆಗೆ ಒಂದರ ಹಿಂದೆ ಒಂದು ಬಾಗಿಲಿರುವುದನ್ನು, ಮೋರಿಗೆ ಹೋಗುವ ಮೊದಲು ಪ್ರತಿ ಹನಿಯನ್ನೂ ಕುದಿಸುವುದನ್ನು ನಾನು ತೋರಿಸುತ್ತಿದ್ದೆ. ಅವರು ಸಮಾಧಾನವಾಗಿ ಹೋಗುತ್ತಿದ್ದರು. ಪುಡಿಯ ಬಗ್ಗೆ ಯಾರೂ ಕೇಳಲಿಲ್ಲ. ಅದರಲ್ಲಿ ಜೀವವಿಲ್ಲ, ವಿಷವಿಲ್ಲ, ಬರಿಯ ಪ್ರೋಟೀನು. ಜರಡಿ ಅಲ್ಲಾಡುವಾಗ ಅದು ಬಿಸಿಲಿನ ಕೋಲಿನಲ್ಲಿ ತೇಲುವುದು ಕಾಣುತ್ತಿತ್ತು. ನಾವು ತೆಳು ಮಾಸ್ಕ್ ಹಾಕಿಕೊಂಡು ಅದರ ನಡುವೆಯೇ ಮಾತಾಡುತ್ತ ಕೆಲಸ ಮಾಡುತ್ತಿದ್ದೆವು.

ಮೊದಲು ಬಂದದ್ದು ಸೀನು. ಆಮೇಲೆ ಕಣ್ಣಿನ ತುರಿಕೆ. ಬೆಂಗಳೂರಿನಲ್ಲಿ ಇವನ್ನು ಕಾಯಿಲೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಂತರ ಕೆಮ್ಮು ಶುರುವಾಯಿತು, ಅದೂ ಕೆಲಸದ ಹೊತ್ತಿನಲ್ಲಲ್ಲ, ಮನೆಗೆ ಬಂದ ಮೇಲೆ. ಒಂದು ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೊರಟವಳು ಅರ್ಧ ಮೆಟ್ಟಿಲಲ್ಲಿ ಕೂತುಬಿಟ್ಟೆ. ಕೆಳಗೆ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ಮುನಿಯಮ್ಮ ತಲೆಯೆತ್ತಿ ನೋಡಿದರು.

"ಇದೇನವ್ವಾ, ಇಂಗೆ ಏದುಸ್ರು ಬುಡ್ತೀಯಾ? ವಯಸ್ಸೇನಾಗದೆ ನಿಂಗೆ?"

"ಏನಿಲ್ಲ ಅತ್ತೆ, ಬಿಸಿಲು."

"ಬಿಸ್ಲೆಲ್ಲೈತೆ? ಮೋಡ ಮುಚ್ಕೊಂಡದೆ."

ಆನೇಕಲ್ಲಿನ ಡಾಕ್ಟರು ಸ್ಟೆತೋಸ್ಕೋಪ್ ಇಟ್ಟು ನೋಡಿ, ಧೂಳಿನ ಅಲರ್ಜಿ ಎಂದರು. ಮನೆಯಲ್ಲಿ ಧೂಳು ಇದೆಯಾ ಎಂದು ಕೇಳಿದರು. ನನ್ನ ಜೊತೆ ಬಂದಿದ್ದ ಗಂಡ ನಾಗರಾಜ್ ತಲೆ ತಗ್ಗಿಸಿದರು. ಅವರದು ಶಾಮಿಯಾನದ ವ್ಯಾಪಾರ. ಮದುವೆ, ನಾಮಕರಣ, ತಿಥಿ, ಎಲ್ಲದಕ್ಕೂ ಸುತ್ತಲಿನ ಹಳ್ಳಿಗಳಿಗೆ ಚಪ್ಪರದ ಬಟ್ಟೆ, ಕುರ್ಚಿ, ಪಾತ್ರೆ ಕೊಡುವವರು. ನಮ್ಮ ಮನೆಯ ಮುಂದಿನ ಕೋಣೆಯೆಂದರೆ ಕೆಂಪು ಹಳದಿ ಬಟ್ಟೆಯ ಮಡಿಕೆಗಳ ಗೋಡೆ. ಮಾವನವರ ಕಾಲದಿಂದಲೂ ಹಾಗೆಯೇ ಇದ್ದದ್ದು.

ಮರುದಿನವೇ ಅವರು ಎಲ್ಲವನ್ನೂ ಟೆಂಪೋಗೆ ತುಂಬಿ, ಊರಾಚೆ ಒಂದು ಶೆಡ್ ಹಿಡಿದು ಅಲ್ಲಿಗೆ ಸಾಗಿಸಿದರು. ಖಾಲಿಯಾದ ಕೋಣೆಗೆ ಸುಣ್ಣ ಹೊಡೆಸಿದರು. ಅಂದಿನಿಂದ ಕೆಲಸ ಮುಗಿಸಿ ಬಂದರೆ ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಒಳಗೆ ಬರುತ್ತಿದ್ದರು. ನಾನು ಕೆಮ್ಮಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದ್ದು: "ನಮ್ಮಪ್ಪನೂ ಕೊನೇಲಿ ಹಿಂಗೇ ಕೆಮ್ತಿದ್ರು. ನನ್ನ ಬಟ್ಟೆ ಧೂಳೇ ನಿನ್ನ ಎದೆಗೆ ಹೋಗಿದೆ ಕಣೇ." ನಾನೂ ಅದನ್ನೇ ನಂಬಿದ್ದೆ.

ಕೋಣೆ ಖಾಲಿಯಾದರೂ ಕೆಮ್ಮು ಹೋಗಲಿಲ್ಲ. ಒಂದು ದಿನ ಕಂಪನಿ ಬಸ್ಸಿನಲ್ಲಿ, ಚಂದಾಪುರದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಅದನ್ನು ಹೇಗೆ ವಿವರಿಸುವುದೋ ತಿಳಿಯದು. ಭಯ ಎನ್ನುವುದು ಆಮೇಲಿನ ಮಾತು. ಆ ಕ್ಷಣದಲ್ಲಿ ಭಯಪಡುವುದಕ್ಕೂ ಪುರುಸೊತ್ತಿರಲಿಲ್ಲ. ಮುಂದಿನ ಸೀಟಿನ ಹಿಂಬದಿಯಲ್ಲಿ ಯಾರೋ ಬ್ಲೇಡಿನಿಂದ ಕೊರೆದ ಹೂವೊಂದಿತ್ತು, ನಾನು ಅದನ್ನೇ ನೋಡುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದವಳು ಹುಲಿಗೆಮ್ಮ. ಕೊಪ್ಪಳದ ಕಡೆಯವಳು, ಗುತ್ತಿಗೆ ಏಜೆನ್ಸಿಯ ಮೂಲಕ ನಮ್ಮ ಸೆಕ್ಷನ್ನಿಗೆ ಬಂದಿದ್ದಳು. ಚೀಲದ ಬಾಯಿ ಹೊಲಿಯುವ ಕೆಲಸ. ಗಂಡ ಕಟ್ಟಡಗಳಲ್ಲಿ ಕಬ್ಬಿಣ ಕಟ್ಟುವವನು. ಹೆಬ್ಬಗೋಡಿಯ ಹಿಂದೆ ಸಾಲುಮನೆಯ ಒಂದು ಕೋಣೆಯಲ್ಲಿ ಸಂಸಾರ. ಅವಳು ನನ್ನ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ಬಾಗಿಸಿ ಕೂರಿಸಿದಳು. "ಅಣ್ಣಾ, ದವಾಖಾನಿಗೆ ತಿರುಗಸ್ರಿ" ಎಂದು ಡ್ರೈವರಿಗೆ ಹೇಳಿದ್ದೂ ಅವಳೇ. ಆಸ್ಪತ್ರೆಯ ಬಾಗಿಲಲ್ಲಿ ಮನೆಯವರು ಯಾರು ಎಂದು ಕೇಳಿದರು. "ನಾ ಇವರ ತಂಗಿರಿ" ಎಂದಳು. ನಮ್ಮಿಬ್ಬರ ಮಾತಿನ ಧಾಟಿ ಕೇಳಿದ ಯಾರಿಗೂ ಅದು ಸುಳ್ಳೆಂದು ಗೊತ್ತಾಗುತ್ತಿತ್ತು. ಆದರೂ ನರ್ಸ್ ಅವಳನ್ನು ಒಳಗೆ ಬಿಟ್ಟರು. ಮೂಗಿಗೆ ಮುಖವಾಡ ಇಟ್ಟು ಔಷಧಿಯ ಹಬೆ ಕೊಡುವಾಗ ನನ್ನ ಕಾಲಿನ ಹೆಬ್ಬೆರಳನ್ನು ಅವಳು ಹಿಡಿದುಕೊಂಡೇ ಇದ್ದಳು. ಯಾಕೆ ಹೆಬ್ಬೆರಳು ಎಂದು ಆಮೇಲೆ ಕೇಳಿದೆ. "ಬ್ಯಾರೆ ಕಡೆ ಎಲ್ಲಾ ವೈರು ಹಾಕಿದ್ರಲ್ರಿ" ಎಂದಳು.

ಅಲ್ಲಿಂದ ನನ್ನನ್ನು ನಗರದ ದೊಡ್ಡ ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ ಕಳಿಸಿದರು. ಆ ವಿಭಾಗದ ಕಾಯುವ ಕೋಣೆಯಲ್ಲಿ ನಾನು ಕಳೆದ ಮಧ್ಯಾಹ್ನಗಳು ಎಷ್ಟೋ. ಅಲ್ಲಿ ಎಲ್ಲರೂ ನೇರವಾಗಿ ಕೂತಿರುತ್ತಾರೆ, ಒರಗಿಕೊಂಡರೆ ಕೆಮ್ಮು ಬರುತ್ತದೆ. ಒಬ್ಬರು ಕೆಮ್ಮಿದರೆ ಉಳಿದವರು ಆ ಕಡೆ ನೋಡುವುದಿಲ್ಲ, ಅದೊಂದು ಮರ್ಯಾದೆ. ಪೀಣ್ಯದ ಪಾಲಿಶಿಂಗ್ ಶಾಪಿನ ಮುದುಕರೊಬ್ಬರು ಸಿಗುತ್ತಿದ್ದರು. ಅವರು ನನಗೆ ಕಲಿಸಿದ್ದು, ಉಸಿರಿನ ಬಲ ಅಳೆಯಲು ಕೊಳವೆಗೆ ಊದಿಸುವ ಪರೀಕ್ಷೆಗೆ ಮೊದಲು ಹೊಟ್ಟೆತುಂಬ ತಿನ್ನಬಾರದು ಎಂಬುದು. "ಇಡ್ಲಿ ತಿಂದ್ಕೊಂಡ್ ಹೋಗಿ ಊದುದ್ರೆ ಇಡ್ಲೀನೇ ಬರುತ್ತಮ್ಮಾ" ಎನ್ನುತ್ತಿದ್ದರು. ನಗುವುದಕ್ಕೆ ಉಸಿರಿಲ್ಲದೆ ನಾವಿಬ್ಬರೂ ಕೈಯಾಡಿಸಿ ಸುಮ್ಮನಾಗುತ್ತಿದ್ದೆವು.

ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ನೋಡಿದರು, ಊದಿಸಿದರು, ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು:

"ರಜೆ ಇದ್ದಾಗ ಹೇಗಿರುತ್ತೆ?"

"ಯಾವ ರಜೆ?"

"ಯಾವುದಾದ್ರೂ. ಸತತವಾಗಿ ಕೆಲಸಕ್ಕೆ ಹೋಗದೆ ಇದ್ದ ದಿನಗಳಲ್ಲಿ."

ನಾನು ಯೋಚಿಸಿದೆ. ನಾದಿನಿಯ ಮದುವೆಗೆಂದು ಒಂದು ವಾರ ರಜೆ ಹಾಕಿದ್ದೆ. ಆ ವಾರವೆಲ್ಲ ಶಾಮಿಯಾನದ ಕೆಳಗೇ ಓಡಾಡಿದ್ದೆ. ಬಟ್ಟೆ ಕೊಡವಿದ್ದೆ, ಒಲೆಯ ಮುಂದೆ ನಿಂತಿದ್ದೆ, ಹಾಡಿನ ಮಧ್ಯೆ ಕೂಗಿ ಮಾತಾಡಿದ್ದೆ. ಕೆಮ್ಮಿದ ನೆನಪೇ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಗಂಡ ಕೂತಿದ್ದರು. ನನಗೆ ಮೊದಲು ಹೊಳೆದದ್ದು ನನ್ನ ಕಾಯಿಲೆಯ ವಿಷಯವಲ್ಲ, ಅವರು ಹಿತ್ತಲಲ್ಲಿ ತಣ್ಣೀರು ಹಾಕಿಕೊಳ್ಳುತ್ತಿದ್ದುದು.

ಡಾಕ್ಟರ್ ಕಾರ್ಖಾನೆಯಿಂದ ಪುಡಿಯ ಮಾದರಿ ತರಿಸಿದರು. ಅದನ್ನು ತೀರಾ ತೆಳುವಾಗಿ ಕರಗಿಸಿ ನನ್ನ ಮುಂಗೈ ಮೇಲೆ ಒಂದು ಹನಿ ಇಟ್ಟು, ಸೂಜಿಯ ಮೊನೆಯಿಂದ ಮುಟ್ಟಿಸಿದರು. ಪಕ್ಕದಲ್ಲಿ ಮನೆಯ ಧೂಳು, ಹೂವಿನ ಪರಾಗ, ಜಿರಳೆ, ಇವುಗಳ ಹನಿಗಳೂ ಇದ್ದವು. ಉಳಿದ ಜಾಗಗಳು ಹಾಗೇ ಇದ್ದವು. ನಮ್ಮ ಪುಡಿ ತಾಕಿದ ಜಾಗ ಸೊಳ್ಳೆ ಕಚ್ಚಿದಂತೆ ಉಬ್ಬಿ, ಕೆಂಪಾಗಿ, ನೋಡುನೋಡುತ್ತಿದ್ದಂತೆ ಅಗಲವಾಯಿತು. ವರ್ಷಗಟ್ಟಲೆ ನಾನೇ ಜರಡಿ ಹಿಡಿದ ಪುಡಿ. ಮೈ ಅದನ್ನು ಶತ್ರುವೆಂದು ಗುರುತು ಹಾಕಿಕೊಂಡಿತ್ತು.

"ಒಂದ್ಸಲ ಮೈ ಹೀಗೆ ಗುರುತು ಹಿಡಿದ್ರೆ ಮರೆಯೋದಿಲ್ಲ. ಮತ್ತೆ ಆ ಸೆಕ್ಷನ್ನಿಗೆ ನೀವು ಹೋಗ್ಬಾರ್ದು. ಬಾಗಿಲವರೆಗೂ ಬೇಡ" ಎಂದರು ಡಾಕ್ಟರ್. ಆಮೇಲೆ, "ನಿಮ್ಮ ಜೊತೆ ಕೆಲಸ ಮಾಡೋರನ್ನೂ ಪರೀಕ್ಷೆ ಮಾಡ್ಬೇಕು" ಎಂದೂ ಹೇಳಿದರು.

ಹೊರಗೆ ಬಂದು ಗಂಡನ ಪಕ್ಕ ಕೂತೆ. "ನಿಮ್ಮ ಬಟ್ಟೆ ಧೂಳಲ್ವಂತೆ ಕಣ್ರೀ. ನಮ್ಮ ಪುಡಿಯಂತೆ."

ಅವರು ನನ್ನ ಕಡೆ ತಿರುಗಿದರು. "ಸರಿಯಾಗಿ ಕೇಳ್ಕೊಂಡ್ಯಾ?"

"ಪರೀಕ್ಷೇನೇ ಮಾಡಿದ್ರು."

ಹೆಗಲ ಮೇಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕಾಫಿ ತರುತ್ತೇನೆಂದು ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಾಫಿ ತಂದಿರಲಿಲ್ಲ.

ಪುಡಿಯಿಂದ ದೂರವಾದರೆ ಉಸಿರು ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ತಿಂಗಳುಗಟ್ಟಲೆ ಮನೆಯಲ್ಲೇ ಇದ್ದೆ. ಈಗ ಒಗ್ಗರಣೆಯ ಘಾಟು, ಚಳಿಗಾಳಿ, ಜೋರು ನಗು, ಎಲ್ಲಕ್ಕೂ ಎದೆ ಕಟ್ಟುತ್ತಿತ್ತು. ಮಾತ್ರೆಗಳಿಂದ ಮುಖ ಊದಿಕೊಂಡಿತು. ಬೀದಿಯವರು ದಪ್ಪಗಾಗಿದ್ದೀಯಾ, ಆರೋಗ್ಯವಾಗಿದ್ದೀಯಾ ಎನ್ನುತ್ತಿದ್ದರು. ನಮ್ಮತ್ತೆ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುವುದನ್ನೇ ಬಿಟ್ಟರು. ಅವರ ಸಾರಿಗೆ ರುಚಿ ಹೋಯಿತು, ಯಾರೂ ಅದನ್ನು ಆಡಲಿಲ್ಲ. ಆ ದಿನಗಳಲ್ಲಿ ನನಗಿದ್ದ ಭಯ ಸಾವಿನದಲ್ಲ. ಹೀಗೇ, ಅರ್ಧ ಮೆಟ್ಟಿಲಲ್ಲಿ ಕೂತ ಹೆಂಗಸಾಗಿ, ಬಹಳ ವರ್ಷ ಬದುಕಬೇಕಾಗಬಹುದೆಂಬ ಭಯ.

ಆಗ ಡಾಕ್ಟರ್ ಬೇರೊಂದು ಔಷಧಿಯ ಮಾತೆತ್ತಿದರು. ತೋಳಿನ ಚರ್ಮದಡಿ ಚುಚ್ಚುವ ಇಂಜೆಕ್ಷನ್, ಆಗಾಗ ತೆಗೆದುಕೊಳ್ಳುತ್ತಿರಬೇಕು. ಮೈಯೊಳಗೆ ಅಲರ್ಜಿಯ ಸುದ್ದಿ ಹೊತ್ತು ತಿರುಗುವ ವಸ್ತುವನ್ನು ಅದು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದಂತೆ. ಹೇಗೆ ಮಾಡುತ್ತಾರೆ ಎಂದು ಕೇಳಿದೆ, ನನ್ನ ಹಳೆಯ ಅಭ್ಯಾಸ. ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಯ ಜೀವಕೋಶಕ್ಕೆ ಮನುಷ್ಯರ ಜೀನ್ ಸೇರಿಸಿ, ಸ್ಟೀಲ್ ಟ್ಯಾಂಕುಗಳಲ್ಲಿ ಬೆಳೆಸಿ, ಸೋಸಿ ತೆಗೆಯುವುದು. ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮ ಟ್ಯಾಂಕುಗಳ ಅಣ್ಣತಮ್ಮಂದಿರು. ಇಂಥ ಔಷಧಿಗಳನ್ನು ಮಾಡುವ ಕಾರ್ಖಾನೆಗಳು ನಮ್ಮ ರಸ್ತೆಯಲ್ಲೇ ಇವೆ, ಅವುಗಳ ಬಸ್ಸುಗಳೂ ನಮ್ಮ ಬಸ್ಸೂ ಒಂದೇ ಸಿಗ್ನಲ್ಲಿನಲ್ಲಿ ನಿಲ್ಲುತ್ತಿದ್ದವು.

ಮನೆಯಲ್ಲಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಇಲೀದಾ?"

"ಇಲಿ ಜಾತೀದು ಅತ್ತೆ. ಅದರ ಮೈಯಲ್ಲಿರೋ ಒಂದು ಕಣ."

ಆಮೇಲೆ ಮೊರವನ್ನು ಮತ್ತೆ ಎತ್ತಿಕೊಂಡರು. "ಆಗ್ಲಿ ಬುಡು. ಗಣಪ್ಪನ್ನೇ ಒತ್ಕೊಂಡ್ ತಿರುಗ್ತದೆ, ನಿನ್ನೊಬ್ಳನ್ನ ಒರಕ್ಕಾಗಲ್ವಾ."

ಮೊದಲ ಸಲ ಚುಚ್ಚಿದ ಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ಎಂದು ಅಲ್ಲೇ ಕೂರಿಸಿಕೊಂಡರು. ಏನೂ ಆಗಲಿಲ್ಲ. ಆಮೇಲಿನ ವಾರಗಳಲ್ಲೂ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ನಾನು ಬಸ್‌ಸ್ಟಾಪಿನವರೆಗೆ ಪಕ್ಕದ ಮನೆಯವಳ ಜೊತೆ ಮಾತಾಡುತ್ತಾ ನಡೆದು ಹೋಗಿದ್ದೆ, ಮಾತಿನ ಮಧ್ಯೆ ನಿಂತಿರಲಿಲ್ಲ. ವಾಪಸು ಬರುವಾಗ ಅದು ಗಮನಕ್ಕೆ ಬಂತು. ಎಷ್ಟೋ ತಿಂಗಳಿಂದ ಮೂಗಿಗೆ ಹತ್ತದಿದ್ದ ಕೊತ್ತಂಬರಿಯ ವಾಸನೆ ಮತ್ತೆ ಬಂತು. ಅತ್ತೆ ಮೆಣಸಿನಕಾಯಿ ಹುರಿದರು. ಗಂಡ ಶಾಮಿಯಾನದ ಬಟ್ಟೆಗಳನ್ನು ಶೆಡ್ಡಿನಿಂದ ವಾಪಸು ತಂದರು. ಆ ದಿನ ಅವರು ಮಡಿಕೆಗಳನ್ನು ಜೋಡಿಸುತ್ತ ಯಾವುದೋ ಹಾಡು ಗುನುಗುತ್ತಿದ್ದರು. ಸುಣ್ಣ ಹೊಡೆದ ಗೋಡೆ ಮತ್ತೆ ಮುಚ್ಚಿಹೋಯಿತು.

ಕಾರ್ಖಾನೆಯವರು ನನ್ನನ್ನು ಬಿಟ್ಟುಬಿಡಲಿಲ್ಲ, ಅದನ್ನು ಹೇಳಲೇಬೇಕು. ಬೇರೆ ಕಟ್ಟಡದಲ್ಲಿ, ಪುಡಿಯ ಸೋಂಕಿಲ್ಲದ ಆಫೀಸಿನಲ್ಲಿ ಕೂರಿಸಿದರು. ಫ್ಯಾಕ್ಟರಿ ಮ್ಯಾನೇಜರ್ ಶ್ರೀಧರ್ ಸಾರ್ ಕೆಟ್ಟವರಲ್ಲ, ಹೆದರುವವರು. ಉಳಿದವರನ್ನೂ ಪರೀಕ್ಷಿಸಬೇಕೆಂಬ ಡಾಕ್ಟರ ಮಾತನ್ನು ನಾನು ಅವರ ಮುಂದಿಟ್ಟಾಗ, "ಶೋಭಾ, ಇದನ್ನ ಹೇಳ್ಕೊಂಡ್ ತಿರುಗೋದು ಬೇಡ. ಎಲ್ಲ ಹೆದ್ರಿ ಓಡ್ಹೋಗ್ತಾರೆ" ಎಂದರು.

"ಓಡ್ಹೋದ್ರೆ ಬದುಕ್ಕೊಳ್ತಾರಲ್ಲ ಸಾರ್."

ಕೊನೆಗೆ ಅವರು ಒಪ್ಪಿದರು. ಆದರೆ ಹೆಂಗಸರು ಒಪ್ಪಲಿಲ್ಲ. ಚುಚ್ಚಿಸಿಕೊಳ್ಳುವುದು ಬೇಡ ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು. ನಾನು ಊಟದ ಹೊತ್ತಿನಲ್ಲಿ ಕ್ಯಾಂಟೀನಿಗೆ ಹೋಗಿ, ನನ್ನ ಕಥೆಯನ್ನೇ ಹೇಳಿ ಒಬ್ಬೊಬ್ಬರನ್ನಾಗಿ ಒಪ್ಪಿಸಿದೆ. ಎಲ್ಲರಿಗಿಂತ ಮೊದಲು ಕೈ ಚಾಚಿದವಳು ಹುಲಿಗೆಮ್ಮ. ಅವಳ ಕೈ ಮೇಲೂ ಆ ಜಾಗ ಉಬ್ಬಿತು. ಇನ್ನೂ ಒಂದಿಬ್ಬರದು ಹಾಗೇ ಆಯಿತು. ಕಾಯಿಲೆ ಇನ್ನೂ ಬಂದಿರಲಿಲ್ಲ, ಮೈ ಗುರುತು ಮಾತ್ರ ಹಾಕಿಕೊಂಡಿತ್ತು.

ಜರಡಿಗೆ ಗಾಜಿನ ಗೂಡು ಬಂತು. ಧೂಳೆಳೆಯುವ ಕೊಳವೆಗಳು ಬಂದವು. ತಲೆಯಿಂದ ಭುಜದವರೆಗೆ ಮುಚ್ಚಿ ಶುದ್ಧ ಗಾಳಿ ಊದುವ ಟೋಪಿಗಳು ಬಂದವು. ಕೈ ಉಬ್ಬಿದವರನ್ನು ಆ ಸೆಕ್ಷನ್ನಿನಿಂದ ದೂರವಿಡಬೇಕೆಂದು ಡಾಕ್ಟರ್ ಬರೆದರು. ಏಜೆನ್ಸಿ ಅದನ್ನು ತನ್ನದೇ ರೀತಿಯಲ್ಲಿ ಪಾಲಿಸಿತು: ಮರುವಾರದಿಂದ ಅವರನ್ನು ಕೆಲಸಕ್ಕೇ ಕರೆಯಲಿಲ್ಲ. ನನಗದು ತಿಳಿದದ್ದು ಬಸ್ಸಿನಲ್ಲಿ ಹುಲಿಗೆಮ್ಮನ ಸೀಟು ಖಾಲಿ ಕಂಡ ಮೇಲೆ. ಶ್ರೀಧರ್ ಸಾರ್‌ಗೆ ಹೇಳಿದೆ. ಆ ಹೆಂಗಸರು ಏಜೆನ್ಸಿಯವರು, ನಮ್ಮ ಕೈಯಲ್ಲಿಲ್ಲ ಎಂದರು. ಸ್ವಲ್ಪ ದಿನ ಬಿಟ್ಟು ಮತ್ತೊಮ್ಮೆ ಹೇಳಿದೆ, ನೋಡೋಣ ಎಂದರು.

ಹುಲಿಗೆಮ್ಮನ ಫೋನ್ ಬಹಳ ದಿನ ಸಿಗಲಿಲ್ಲ. ಸಿಕ್ಕಾಗ ಅವಳು ಮಾದನಾಯಕನಹಳ್ಳಿಯಲ್ಲಿದ್ದಳು. ಗಂಡನ ಕೆಲಸ ಆ ಕಡೆಗೆ ಬಿದ್ದಿತ್ತಂತೆ. ನೀನೇನು ಮಾಡುತ್ತಿದ್ದೀ ಎಂದರೆ, "ಅದ ಕೆಲಸರಿ, ಗೊತ್ತಿದ್ದ ಕೆಲಸ" ಎಂದಳು. ಮುಂದಿನ ರಜಾದಿನ ಬೊಮ್ಮಸಂದ್ರದಲ್ಲಿ ಮೆಟ್ರೋ ಹತ್ತಿ, ನಡುವೆ ಬದಲಾಯಿಸಿ, ಮಾದಾವರದಲ್ಲಿ ಇಳಿದು ಆಟೋ ಹಿಡಿದೆ. ಗೋದಾಮುಗಳ ಸಾಲಿನ ಹಿಂದೆ ಅವಳ ಕೋಣೆ. ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದವಳ ಉಸಿರಿನಲ್ಲಿ ಸಣ್ಣ ಸಿಳ್ಳೆ ಕೇಳಿಸಿತು. ಆ ಸಿಳ್ಳೆ ಯಾವುದೆಂದು ನನಗೆ ಗೊತ್ತಿತ್ತು.

"ಎಲ್ಲಿ ಕೆಲಸ?"

"ಇಲ್ಲೇರಿ, ಕೋಳಿ ಫೀಡಿಗೆ ನಮ್ಮಂಥದ ಪುಡಿ ಕಲಸ್ತಾರ. ಮೊದಲು ಎನ್‌ಜೈಮ್ ಫ್ಯಾಕ್ಟರ್ಯಾಗ ಇದ್ದೆ ಅಂದೆ, ಅವತ್ತ ತಗೊಂಡ್ರು."

"ಕೈಯಲ್ಲಿ ಕಲಸೋದಾ?"

"ಬೋಗುಣ್ಯಾಗ ತೋಡಿ ಹಾಕೂದ್ರಿ. ಬಾಯಿಗೆ ಅರಿವಿ ಕಟ್ಕೋತೀನಿ."

"ಹುಲಿಗೆಮ್ಮ, ಡಾಕ್ಟರ್ ಏನು ಹೇಳಿದ್ರು ನಿನಗೆ? ನಿನ್ನ ಮೈಗೆ ಅದು ಆಗಲ್ಲ."

ಅವಳು ಮೊರದಲ್ಲಿನ ಅಕ್ಕಿಯನ್ನು ಒಂದು ಪಕ್ಕಕ್ಕೆ ತಳ್ಳಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. "ಅಕ್ಕಾರ, ನೀವು ಹೇಳಿದ್ರಿ, ನಾ ಕೈ ಚಾಚಿದೆ. ನಿಮ್ಮ ಕೈ ಉಬ್ಬಿತು, ನಿಮಗ ಬ್ಯಾರೆ ಕುರ್ಚಿ ಕೊಟ್ರು. ನನ್ನ ಕೈ ಉಬ್ಬಿತು, ನಂಗ ನಾಳಿಂದ ಬರಬ್ಯಾಡ ಅಂದ್ರು. ಇಲ್ಲಿ ಯಾರೂ ಕೈ ನೋಡಂಗಿಲ್ರಿ. ಅದಕ್ಕ ಇಲ್ಲಿ ಬಂದೆ."

ಅವಳು ಚಹಾ ಮಾಡಿದಳು. ಕುಡಿದೆ. ನನ್ನ ಚೀಲದಲ್ಲಿದ್ದ ಇನ್ಹೇಲರ್ ತೆಗೆದು, ಹೇಗೆ ಎಳೆಯಬೇಕೆಂದು ತೋರಿಸಿದೆ. ಡಾಕ್ಟರ ಬಳಿ ಬರುತ್ತೇನೆಂದು ಮಾತು ಕೊಡಿಸಿಕೊಂಡೆ. ಮಾತಿನಂತೆ ಅವಳು ಬಂದಳು, ಆದರೆ ಕೆಲಸ ಬಿಡಲಿಲ್ಲ.

ಅದಾದ ಕೆಲವು ವಾರಗಳಿಗೆ ನಮ್ಮ ಪುಡಿ ಕೊಳ್ಳುವ ದೊಡ್ಡ ಸೋಪಿನ ಕಂಪನಿಯವರು ಕಾರ್ಖಾನೆ ತಪಾಸಣೆಗೆ ಬರುವವರಿದ್ದರು. ಕೆಲಸಗಾರರ ಸುರಕ್ಷತೆಯ ಬಗ್ಗೆ ಅವರು ಪ್ರಶ್ನೆ ಕೇಳುತ್ತಾರೆ. ಶ್ರೀಧರ್ ಸಾರ್ ನನ್ನನ್ನು ಕರೆದು, "ನೀವು ಮಾತಾಡಿ ಶೋಭಾ. ನಿಮ್ಮ ಕೇಸನ್ನ ನಾವು ಹೇಗೆ ನೋಡ್ಕೊಂಡ್ವಿ ಅಂತ ಹೇಳಿ" ಎಂದರು. ಅವರು ನೋಡಿಕೊಂಡದ್ದು ನಿಜ. ನನ್ನ ಇಂಜೆಕ್ಷನ್ ನಡೆಯುತ್ತಿದ್ದುದೂ ಕಂಪನಿಯ ವಿಮೆಯ ಮೇಲೆ. ಅದು ನಿಂತರೆ ಮತ್ತೆ ಅರ್ಧ ಮೆಟ್ಟಿಲು.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಹುಲಿಗೆಮ್ಮನ ವಿಷಯ ಹೇಳಿದರೆ ಏನಾಗಬಹುದು ಎಂಬುದನ್ನೂ ಹೇಳಿದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಅವತ್ತು ಬಸ್ಸಲ್ಲಿ ನಿನ್ನ ಹಿಡ್ಕೊಂಡೋಳು ಅವಳೇ ಅಲ್ವಾ?"

"ಹೂಂ."

"ಕೇಳಿದ್ದಕ್ಕೆ ಇದ್ದದ್ದು ಇದ್ದಂಗೆ ಹೇಳು. ಸೂಜಿ ವಿಷ್ಯ ನಾನ್ ನೋಡ್ಕೋತೀನಿ. ಶಾಮಿಯಾನ ಮಾರುದ್ರಾಯ್ತು."

ತಪಾಸಣೆಗೆ ಬಂದವರಲ್ಲಿ ಮುಂಬೈಯ ಒಬ್ಬ ಹೆಂಗಸು ಇದ್ದರು. ಎಸಿ ಕೋಣೆಯಲ್ಲಿ, ಶ್ರೀಧರ್ ಸಾರ್ ಎದುರಿಗೇ, ಅವರು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ಅಲರ್ಜಿ ಕಂಡುಬಂದ ಮೇಲೆ ನಿಮ್ಮನ್ನು ಬೇರೆ ಕೆಲಸಕ್ಕೆ ಹಾಕಿದರೇ ಎಂದು. ಹಾಕಿದರು ಎಂದೆ. ಎಲ್ಲರನ್ನೂ ಹಾಗೇ ಮಾಡಿದರೇ ಎಂದು ಕೇಳಿದರು. ನನಗೆ ಆ ಎರಡನೇ ಪ್ರಶ್ನೆ ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಬರದಿದ್ದರೆ ಏನು ಮಾಡುತ್ತಿದ್ದೆ ಎಂಬುದೂ ಗೊತ್ತಿಲ್ಲ. ಬಂತು. ಇಲ್ಲ ಎಂದೆ. ಕಾಂಟ್ರ್ಯಾಕ್ಟಿನ ಹೆಂಗಸರನ್ನು ಮನೆಗೆ ಕಳಿಸಿದರು, ಅವರಲ್ಲೊಬ್ಬಳು ಈಗ ಇನ್ನೊಂದು ಕಡೆ ಇಂಥದೇ ಪುಡಿಯನ್ನು ಬೋಗುಣಿಯಲ್ಲಿ ತೋಡುತ್ತಿದ್ದಾಳೆ ಎಂದೆ. ಆ ಹೆಂಗಸು ಬರೆದುಕೊಂಡರು.

ಅವರು ಹೋದ ಮೇಲೆ ಶ್ರೀಧರ್ ಸಾರ್ ಕಾರಿಡಾರಿನಲ್ಲಿ ನಿಲ್ಲಿಸಿದರು. "ನನಗೆ ಮೊದ್ಲೇ ಹೇಳ್ಬಹುದಿತ್ತಲ್ಲ."

"ಎರಡು ಸಲ ಹೇಳಿದ್ದೆ ಸಾರ್."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೌದು" ಎಂದಷ್ಟೇ ಹೇಳಿ ಹೋದರು.

ಆಮೇಲೆ ಕಾಯುವುದು. ಕಾಯುವ ಕೋಣೆಗಳಲ್ಲಿ ಕೂತು ನನಗದು ಅಭ್ಯಾಸವಾಗಿತ್ತು, ಆದರೂ ಇದು ಬೇರೆ. ಆಫೀಸಿನಲ್ಲಿ ಕೆಲವರು ನನ್ನ ಮೇಜಿನ ಬಳಿ ಬರುವುದನ್ನು ಬಿಟ್ಟರು. ಮುಂದಿನ ಇಂಜೆಕ್ಷನ್ನಿಗೆ ಹೋದಾಗ ವಿಮೆ ನಡೆಯುತ್ತಿದೆಯೋ ಇಲ್ಲವೋ ಎಂದು ಕೌಂಟರಿನ ಹುಡುಗಿಯ ಮುಖವನ್ನೇ ನೋಡುತ್ತ ನಿಂತೆ. ಅವಳು ಎಂದಿನಂತೆ, "ಕೂತ್ಕೊಳಿ ಮೇಡಂ, ಕರೀತಾರೆ" ಎಂದಳು.

ಸೋಪಿನ ಕಂಪನಿಯವರು ಏನು ಬರೆದರೋ ನಾನು ನೋಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಖಾನೆಯಲ್ಲಿ ಹೊಸ ನಿಯಮ ಬಂತು: ಪರೀಕ್ಷೆಯಲ್ಲಿ ಅಲರ್ಜಿ ಕಂಡವರು ಯಾರೇ ಆಗಲಿ, ಏಜೆನ್ಸಿಯವರಾದರೂ, ಪುಡಿಯಿಲ್ಲದ ಕೆಲಸಕ್ಕೆ ಹೋಗಬೇಕು, ಮನೆಗಲ್ಲ. ಕಳಿಸಿದವರನ್ನು ವಾಪಸು ಕರೆದರು. ಒಬ್ಬಳು ಆಗಲೇ ಊರು ಸೇರಿಬಿಟ್ಟಿದ್ದಳು, ಬರಲಿಲ್ಲ. ಹುಲಿಗೆಮ್ಮ ಬಂದಳು. ಅವಳಿಗೆ ಹೊಸ ಡ್ರಮ್ಮುಗಳ ಯಾರ್ಡಿನಲ್ಲಿ ಕೆಲಸ. ಬಯಲು ಗಾಳಿ, ಲೇಬಲ್ ಅಂಟಿಸುವುದು. ಅವಳ ಸಿಳ್ಳೆ ಪೂರ್ತಿ ಹೋಗಿಲ್ಲ, ಚಳಿಗೆ ಬರುತ್ತದೆ. ಡಾಕ್ಟರ್ ಹೇಳುವಂತೆ ಸ್ವಲ್ಪ ಬೇಗ ಹೊರಬಂದಿದ್ದರೆ ಅದೂ ಉಳಿಯುತ್ತಿರಲಿಲ್ಲ.

ನಾನು ಪೂರ್ತಿ ಗುಣವಾಗಿಲ್ಲ. ಇಂಜೆಕ್ಷನ್ ಬಿಟ್ಟರೆ ಏನಾಗುತ್ತದೋ ತಿಳಿಯದು, ಬಿಡಲು ಯಾರೂ ಹೇಳಿಲ್ಲ. ಮನೆಯಲ್ಲಿ ಈಗಲೂ ಸೋಪಿನ ಪುಡಿಯ ಪ್ಯಾಕೆಟ್ಟನ್ನು ಗಂಡನೇ ಬಿಚ್ಚುತ್ತಾರೆ. ಅದರಲ್ಲಿರುವ ಕಾಳುಗಳಿಗೆ ಮೇಣದಂಥ ಪದರ ಹಚ್ಚಿರುತ್ತಾರೆ, ಹಾರುವುದಿಲ್ಲ, ಏನೂ ಆಗುವುದಿಲ್ಲ ಎಂದು ನಾನೇ ಹೇಳಿದರೂ ಕೇಳುವುದಿಲ್ಲ.

ಮೊನ್ನೆ ಊಟದ ಹೊತ್ತಿನಲ್ಲಿ ಯಾರ್ಡಿನ ಹೊಂಗೆ ಮರದ ಕೆಳಗೆ ಹುಲಿಗೆಮ್ಮನ ಜೊತೆ ಕೂತಿದ್ದೆ. ಅಂದು ಬೆಳಿಗ್ಗೆ ಇಂಜೆಕ್ಷನ್ ಮುಗಿಸಿಕೊಂಡು ಬಂದಿದ್ದೆ, ತೋಳಿಗೆ ಹತ್ತಿ ಅಂಟಿಸಿತ್ತು. ಅವಳು ರೊಟ್ಟಿ ಮುರಿಯುತ್ತ ಅದನ್ನೇ ನೋಡಿದಳು.

"ಆ ಸೂಜಿ ಔಷಧ ಎಲ್ಲಿ ಮಾಡ್ತಾರ್ರಿ ಅಕ್ಕಾರ?"

"ಇಲ್ಲೂ ಮಾಡ್ತಾರೆ. ನಮ್ಮ ರಸ್ತೇಲೇ. ನಮ್ಮ ಥರದ್ದೇ ಟ್ಯಾಂಕು."

"ಹೌದೇನ್ರಿ." ಅವಳು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಅರ್ಧ ನನಗೆ ಕೊಟ್ಟಳು. "ಅಲ್ಲಿ ಔಷಧ ತುಂಬೋರು ಯಾರ್ರಿ?"

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಆ ಔಷಧಿ ಮೈಗೆ ಹಾಕಿಸಿಕೊಂಡರೂ ಅದನ್ನು ನಾನು ಯಾರನ್ನೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿ ಊಟ ಮುಂದುವರಿಸಿದಳು. ಮುಂದಿನ ಸಲ ಹೋದಾಗ ಕೇಳಿಕೊಂಡು ಬರಬೇಕು.